ಮಗನ ಖರ್ಚು ಅಮ್ಮನಿಗೆ ಎಷ್ಟು ಗೊತ್ತಿರುತ್ತದೆ?

ಪ್ರಶ್ನೆ: ನಾವು ಶಿರಸಿಯವರು. ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಊಟ ಸೇರಿ ಪಿಜಿ ಬಾಡಿಗೆ, ಕಾಲೇಜಿನ ಫೀಸು ಎಲ್ಲ ನಾವೇ ನೇರವಾಗಿ ಕಟ್ಟುತ್ತೇವೆ. ಕೈಖರ್ಚಿಗೆ ಅಂತ ತಿಂಗಳಿಗೆ 5,000 ರೂಪಾಯಿ ಹಾಕುತ್ತೇವೆ. ರಜೆಗೆ ಬಂದಾಗ ಸ್ಕಾಲರ್‌ಶಿಪ್ ಅರ್ಜಿಗೆ ಬೇಕೆಂದು ಅವನೇ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿದ್ದ. ಅದನ್ನು ನೋಡಿ ನನಗೆ ತಲೆ ತಿರುಗಿತು. ಚಿಕ್ಕವನಿದ್ದಾಗ ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಣಿಸಿ ವಾಪಸ್ ತಂದಿಡುತ್ತಿದ್ದ ಬಿಗಿ ಕೈಯ ಹುಡುಗ. ಈಗ ಒಂದೇ ರಾತ್ರಿ ಹೋಟೆಲಿಗೆ 1,860, ಮೊಬೈಲ್ ಆಟದಲ್ಲಿ ಯಾವುದೋ ಗೊಂಬೆಯ ಡ್ರೆಸ್ಸಿಗೆ 799, ಶೂಗೆ 2,700. ಪುಸ್ತಕದ್ದು ಅಂತ ಒಂದು ಸಾಲೂ ಇಲ್ಲ. ಹೆತ್ತು ಸಾಕಿದವಳ ಊಹೆ ಇಷ್ಟು ತಪ್ಪುವುದುಂಟೆ? ಒಂಬತ್ತನೇ ತರಗತಿಯ ಮಗಳ ವಿಷಯದಲ್ಲಿ ನಾನು ಹೇಳಿದ್ದು ಇವತ್ತಿಗೂ ತಪ್ಪಿಲ್ಲ. ಇವನಿಗೆ ಹಾಕುವ ದುಡ್ಡು ಕಡಿಮೆ ಮಾಡಬೇಕೆ? ಹೆಸರು, ಖಾತೆ ಸಂಖ್ಯೆ ಮುಚ್ಚಿ ಆ ಪುಟದ ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಆ 1,860 ರೂಪಾಯಿಯ ಸಾಲಿನ ಕೆಳಗೆ ಕಣ್ಣು ಹಾಯಿಸಿ. ಅದೇ ರಾತ್ರಿ 310 ರೂಪಾಯಿಯ ಮೂರು ಜಮೆ, ಮರುದಿನ ಒಂದು, ನಾಲ್ಕು ದಿನ ಬಿಟ್ಟು ಇನ್ನೊಂದು ಇದೆ. ಒಟ್ಟು 1,550. ಆರು ಹುಡುಗರು ಊಟಕ್ಕೆ ಹೋಗಿದ್ದಾರೆ, ಬಿಲ್ಲನ್ನು ನಿಮ್ಮ ಮಗ ಕಟ್ಟಿದ್ದಾನೆ, ಉಳಿದ ಐವರು ತಮ್ಮ ಪಾಲನ್ನು ಯುಪಿಐನಲ್ಲಿ ಕಳಿಸಿದ್ದಾರೆ. ಕೊನೆಯವನ ಹತ್ತಿರ ಬಹುಶಃ ಎರಡು ಸಲ ಕೇಳಬೇಕಾಗಿ ಬಂದಿರಬೇಕು. ಅಂದರೆ ಆ ರಾತ್ರಿ ನಿಮ್ಮ ಮಗನ ಖರ್ಚು 310 ರೂಪಾಯಿ. ಸ್ಟೇಟ್‌ಮೆಂಟಿನಲ್ಲಿ ಹೋದ ದುಡ್ಡು ಒಂದು ಕಾಲಮ್ಮು, ಬಂದ ದುಡ್ಡು ಇನ್ನೊಂದು ಕಾಲಮ್ಮು. ಗಾಬರಿಯಲ್ಲಿ ಓದುವವರ ಕಣ್ಣು ಮೊದಲನೆಯದರ ಮೇಲೆಯೇ ಇರುತ್ತದೆ.

ಪುಸ್ತಕದ ಸಾಲು ಇಲ್ಲ ಅಂದಿರಿ. ಈಗ ಎಂಜಿನಿಯರಿಂಗ್ ಹುಡುಗರು ಪುಸ್ತಕ ಕೊಳ್ಳುವುದೇ ಅಪರೂಪ. ಪಿಡಿಎಫ್ ನೋಟ್ಸು ವಾಟ್ಸಾಪಿನಲ್ಲಿ ಓಡಾಡುತ್ತದೆ, ಪರೀಕ್ಷೆ ಹತ್ತಿರ ಬಂದಾಗ ಜೆರಾಕ್ಸ್ ಹಾಕಿಸುತ್ತಾರೆ. ಸಣ್ಣ ಅಂಗಡಿಗಳ ಕ್ಯೂಆರ್ ಕೋಡು ಎಷ್ಟೋ ಸಲ ಮಾಲೀಕರ ಸ್ವಂತ ಹೆಸರಲ್ಲೇ ಇರುತ್ತದೆ. ಹಾಗಾಗಿ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಒಬ್ಬ ವ್ಯಕ್ತಿಯ ಹೆಸರು, ಹನ್ನೆರಡು ಅಂಕಿಯ ಒಂದು ಸಂಖ್ಯೆ, 84 ರೂಪಾಯಿ. ಅದು ಜೆರಾಕ್ಸೋ, ಟೀ ಮತ್ತು ಪಫ್ಸೋ ನನಗೂ ತಿಳಿಯದು, ನಿಮಗೂ ತಿಳಿಯದು. ನಿಮ್ಮ ಊಹೆ ತಪ್ಪಾಯಿತು ಅನ್ನುವ ಮುಂಚೆ ಯಾವುದಕ್ಕೆ ಹೋಲಿಸಿ ತಪ್ಪಾಯಿತು ಅನ್ನುವುದು ಸರಿಯಿರಬೇಕಲ್ಲ. ಈ ಪುಟದ ಅರ್ಧ ಭಾಗ ಹೋಲಿಕೆಗೇ ಬರುವುದಿಲ್ಲ.

ಇಷ್ಟನ್ನು ಕಳೆದರೂ ಶೂ ಉಳಿಯುತ್ತದೆ, ಗೊಂಬೆಯ ಡ್ರೆಸ್ಸೂ ಉಳಿಯುತ್ತದೆ. ಅವೆರಡರಲ್ಲಿ ನಿಮ್ಮ ಊಹೆ ನಿಜಕ್ಕೂ ತಪ್ಪಿದೆ. ಇಂಥ ತಪ್ಪು ಬಹಳ ಸಾಮಾನ್ಯ, ಮತ್ತು ಹತ್ತಿರದವರಲ್ಲೇ ಸಾಮಾನ್ಯ.

ಹೆತ್ತವರು ಮಕ್ಕಳ ಆಯ್ಕೆಯನ್ನು ಊಹಿಸುವಾಗ ಮೂರು ಕಡೆಯಿಂದ ಸರಕು ತರುತ್ತಾರೆ. ಈ ಮಗುವಿನ ಬಗ್ಗೆಯೇ ನೋಡಿ ತಿಳಿದದ್ದು ಒಂದು. ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಹೀಗೆ ಎಂಬ ಲೋಕಜ್ಞಾನ ಇನ್ನೊಂದು. ಮೂರನೆಯದು ತಮ್ಮದೇ ಇಷ್ಟಾನಿಷ್ಟ. ಊಹೆ ಬಾಯಿಗೆ ಬರುವಾಗ ಈ ಮೂರೂ ಬೆರೆತಿರುತ್ತವೆ, ಆದರೆ ಹೇಳುವವರಿಗೆ ಎಲ್ಲವೂ ಮೊದಲನೆಯದೇ ಅನ್ನಿಸುತ್ತದೆ. ನನ್ನ ಮಗ ನನಗೆ ಗೊತ್ತಿಲ್ಲವೇ ಅನ್ನುವ ಮಾತಿನ ಒಳಗೆ ಅವನ ಬಗ್ಗೆ ತಿಳಿದದ್ದು ಎಷ್ಟಿದೆ ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು.

ತಮ್ಮ ಇಷ್ಟ ಹೇಗೆ ನುಸುಳುತ್ತದೆ ಅನ್ನುವುದಕ್ಕೆ 1977ರ ಒಂದು ಪ್ರಯೋಗ ಪ್ರಸಿದ್ಧ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೀ ರಾಸ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ, ಹೋಟೆಲಿನ ಜಾಹೀರಾತು ಬರೆದ ದೊಡ್ಡ ಬೋರ್ಡು ನೇತುಹಾಕಿಕೊಂಡು ಕ್ಯಾಂಪಸ್ಸಿನಲ್ಲಿ ಓಡಾಡುತ್ತೀರಾ ಎಂದು ಕೇಳಿದರು. ಒಪ್ಪಿದವರು ಬೇರೆಯವರಲ್ಲೂ ಹೆಚ್ಚಿನವರು ಒಪ್ಪುತ್ತಾರೆ ಅಂದರು. ಒಪ್ಪದವರು, ಹೆಚ್ಚಿನವರು ಒಪ್ಪುವುದಿಲ್ಲ ಅಂದರು. ಮನೆಯೊಳಗೂ ಇದೇ ನಡೆಯುತ್ತದೆ. 1986ರಲ್ಲಿ ಹ್ಯಾರಿ ಡೇವಿಸ್, ಸ್ಟೀಫನ್ ಹಾಕ್ ಮತ್ತು ರ್‍ಯಾಗ್ಸ್‌ಡೇಲ್ ಎಂಬ ಸಂಶೋಧಕರು ಗಂಡ ಹೆಂಡಿರಿಗೆ ಹೊಸ ಉತ್ಪನ್ನಗಳನ್ನು ತೋರಿಸಿ, ನಿಮ್ಮ ಸಂಗಾತಿಗೆ ಇದು ಎಷ್ಟು ಹಿಡಿಸೀತು ಎಂದು ಊಹಿಸಲು ಹೇಳಿದರು. ಅವರೆಲ್ಲ ಮೊದಲು ತಮಗೆ ಎಷ್ಟು ಹಿಡಿಸಿತು ಅನ್ನುವುದನ್ನು ಹಿಡಿದುಕೊಂಡು, ಆಮೇಲೆ ಅದನ್ನು ಸ್ವಲ್ಪ ಆಚೀಚೆ ಸರಿಸಿದ್ದರು.

ಇದನ್ನು ಬರೀ ದೋಷ ಅಂತ ತಳ್ಳಿಹಾಕುವಂತಿಲ್ಲ. ಹಾಕ್ ಅವರೇ ಮರುವರ್ಷ ತೋರಿಸಿದ ಹಾಗೆ, ಇಬ್ಬರ ರುಚಿ ನಿಜವಾಗಿಯೂ ಒಂದೇ ಇರುವ ಕಡೆ ತನ್ನಂತೆಯೇ ಪರರು ಎಂದುಕೊಂಡವರ ಊಹೆಯೇ ಹೆಚ್ಚು ಸರಿ ಬರುತ್ತದೆ. ಒಂದೇ ಅಡುಗೆ ಉಂಡು ಬೆಳೆದವರ ನಡುವೆ ಅಂಥ ಸಮಾನ ರುಚಿ ಬೇಕಾದಷ್ಟಿರುತ್ತದೆ. ಬೆಂಗಳೂರಿನಲ್ಲಿ ಅವನಿಗೆ ಅಪ್ಪೆಹುಳಿಯ ಆಸೆಯಾಗುತ್ತದೆ ಅಂತ ನೀವು ಹೇಳಿದರೆ ನಾನು ಎದುರು ಮಾತಾಡುವುದಿಲ್ಲ. ಆದರೆ 799 ರೂಪಾಯಿ ಕೊಟ್ಟು ಆಟದ ಗೊಂಬೆಗೆ ಅಂಗಿ ಹಾಕಿಸುವ ವಿಷಯದಲ್ಲಿ ನಿಮ್ಮ ಇಷ್ಟದಿಂದ ಹೊರಟರೆ ಎತ್ತಲೂ ತಲುಪುವುದಿಲ್ಲ. ನೀವು ಆ ಆಟ ಆಡಿಲ್ಲ. ಅದೇ ಗೊಂಬೆಯನ್ನು ಪ್ರತಿ ರಾತ್ರಿ ನೋಡುವ ನಾಲ್ಕು ಜನ ಗೆಳೆಯರು ನಿಮಗಿಲ್ಲ.

ಇನ್ನು ಮಗಳ ವಿಷಯ. ಅವಳ ಬಗ್ಗೆ ನಿಮ್ಮ ಊಹೆ ಒಮ್ಮೆಯೂ ತಪ್ಪಿಲ್ಲ ಅನ್ನುವುದೇ ನನಗೆ ಸ್ವಲ್ಪ ಅನುಮಾನ ಹುಟ್ಟಿಸಿದ್ದು. ಬೇಸರ ಮಾಡಿಕೊಳ್ಳಬೇಡಿ.

ಅವಳು ನಿಮ್ಮ ಕಣ್ಣೆದುರಿಗೇ ಖರ್ಚು ಮಾಡುತ್ತಾಳೆ. ನೀವು ಬೇಡ ಅನ್ನುವುದನ್ನು ಅವಳು ಕೇಳುವುದೇ ಇಲ್ಲ, ಏಕೆಂದರೆ ನೀವು ಬೇಡ ಅನ್ನುತ್ತೀರಿ ಅಂತ ಅವಳಿಗೆ ಗೊತ್ತು. ಅಲ್ಲಿ ಅಮ್ಮನ ಮನಸ್ಸನ್ನು ಮಗಳೇ ಊಹಿಸುತ್ತಿದ್ದಾಳೆ, ಸರಿಯಾಗಿ ಊಹಿಸಿದ ಹೆಸರು ಮಾತ್ರ ಅಮ್ಮನಿಗೆ ಬರುತ್ತಿದೆ. ಇನ್ನೊಂದು ಕಾರಣವೂ ಇದೆ. ಒಂಬತ್ತನೇ ತರಗತಿಯ ಹುಡುಗಿಗೆ ಇನ್ನೂರು ರೂಪಾಯಿ ಕೊಟ್ಟರೆ ಕ್ಲಿಪ್ಪು, ಬಳೆ, ಪಾನಿಪುರಿ, ಪೆನ್ನು ಅಂತ ನೀವು ಹೇಳುತ್ತೀರಿ. ಅದನ್ನೇ ಪಕ್ಕದ ಮನೆಯವರೂ ಹೇಳುತ್ತಾರೆ, ಅವಳನ್ನು ಕಂಡೇ ಇರದ ನಾನೂ ಹೇಳುತ್ತೇನೆ. ಲೀ ಕ್ರಾನ್‌ಬ್ಯಾಕ್ ಎಂಬ ಮನಶ್ಶಾಸ್ತ್ರಜ್ಞ 1955ರಲ್ಲೇ ಇದನ್ನು ಬಿಡಿಸಿ ತೋರಿಸಿದರು: ಒಬ್ಬರನ್ನೊಬ್ಬರು ಎಷ್ಟು ಬಲ್ಲರು ಎಂದು ಅಂಕ ಹಾಕುವಾಗ, ಆ ಬಗೆಯ ಜನರ ಬಗ್ಗೆ ಇರುವ ಸಾಮಾನ್ಯ ತಿಳಿವಳಿಕೆಯ ಅಂಕವನ್ನೂ ಈ ಒಬ್ಬ ವ್ಯಕ್ತಿಯ ಬಗ್ಗೆ ಇರುವ ತಿಳಿವಳಿಕೆಯ ಅಂಕವನ್ನೂ ಬೇರೆ ಮಾಡದಿದ್ದರೆ ಲೆಕ್ಕ ಹಾಳಾಗುತ್ತದೆ. ಆ ವಯಸ್ಸಿನ ಉಳಿದವರಿಗಿಂತ ನಿಮ್ಮ ಮಗಳು ಎಲ್ಲಿ ಬೇರೆ ದಾರಿ ಹಿಡಿಯುತ್ತಾಳೆ ಅನ್ನುವುದನ್ನು ಮುಂಚಿತವಾಗಿ ಹೇಳಿದರೆ ಮಾತ್ರ ಅದು ಅಮ್ಮನ ಅಂಕ.

ಹಾಗಿದ್ದರೆ ವರ್ಷಗಟ್ಟಲೆ ಜೊತೆಗಿದ್ದರೆ ಊಹೆ ಹರಿತವಾಗಬೇಕಲ್ಲವೇ? ಅದೂ ಹಾಗಿಲ್ಲ. ಬೆಂಜಮಿನ್ ಶೈಬೆಹೆನ್ನೆ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ಎರಡು ವರ್ಷ ಜೊತೆಗಿದ್ದ ಎಳೆಯ ಜೋಡಿಗಳನ್ನೂ ಸುಮಾರು 40 ವರ್ಷ ಜೊತೆಗಿದ್ದ ಹಿರಿಯ ಜೋಡಿಗಳನ್ನೂ ಕೂರಿಸಿ ಊಟ, ಸಿನಿಮಾ, ಅಡುಗೆಮನೆಯ ವಿನ್ಯಾಸ ಇವುಗಳಲ್ಲಿ ಸಂಗಾತಿಗೆ ಏನು ಇಷ್ಟ ಎಂದು ಕೇಳಿದರು. ಎಳೆಯರೇ ಹೆಚ್ಚು ಸರಿ ಹೇಳಿದರು. ಇದಕ್ಕೂ ಮುಂಚೆ, 2006ರಲ್ಲಿ, ಲರೂಜ್ ಮತ್ತು ವಾರ್‌ಲಾಪ್ ಎಂಬ ಇಬ್ಬರು ಒಂದು ಕಾರಣವನ್ನು ಗುರುತಿಸಿದ್ದರು. ಅಪರಿಚಿತರ ಬಗ್ಗೆ ಊಹೆ ತಪ್ಪಿದಾಗ ನಾವು ಅದರಿಂದ ಕಲಿಯುತ್ತೇವೆ. ಹತ್ತಿರದವರ ಬಗ್ಗೆ ತಪ್ಪಿದಾಗ ತಲೆಯಲ್ಲಿ ಆಗಲೇ ಕೂತಿರುವ ಚಿತ್ರವನ್ನೇ ನಂಬುತ್ತೇವೆ, ಹೊಸ ಸುದ್ದಿ ಒಳಗೆ ಇಳಿಯುವುದಿಲ್ಲ. ಇವು ಜೋಡಿಗಳ ಮೇಲಿನ ಅಧ್ಯಯನಗಳು, ತಾಯಿ ಮಕ್ಕಳ ಮೇಲಿನವಲ್ಲ ಎಂಬುದನ್ನು ನೆನಪಿಡಿ. ಆದರೂ ತಾಯಿ ಮಕ್ಕಳ ಮಟ್ಟಿಗೆ ಈ ಕಾರಣ ಇನ್ನೂ ಗಟ್ಟಿಯಾಗಿ ಕೆಲಸ ಮಾಡುತ್ತದೆ ಅನ್ನುವುದು ನನ್ನ ಅಭಿಪ್ರಾಯ. ನಲವತ್ತು ವರ್ಷ ಜೊತೆಗಿದ್ದ ಗಂಡ ಹೆಚ್ಚುಕಮ್ಮಿ ಅದೇ ಮನುಷ್ಯ. ಚಿಲ್ಲರೆ ಎಣಿಸಿ ತಂದಿಡುತ್ತಿದ್ದ ಎಂಟು ವರ್ಷದ ಹುಡುಗನಿಗೂ ಈ ಹತ್ತೊಂಬತ್ತರವನಿಗೂ ನಡುವೆ ಧ್ವನಿ, ಎತ್ತರ, ಗೆಳೆಯರು, ಊರು ಎಲ್ಲ ಬದಲಾಗಿದೆ. ನಿಮ್ಮ ಪತ್ರದಲ್ಲಿ ಮಾತ್ರ ಆ ಎಂಟು ವರ್ಷದವನೇ ಸಾಕ್ಷಿಗೆ ನಿಂತಿದ್ದಾನೆ.

ಅವನ ಜಾಗದಲ್ಲಿ ನಿಂತು ಯೋಚಿಸಿ ಅನ್ನುವ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ನಾನು ಕೊಡುವುದಿಲ್ಲ. ತಾಲ್ ಎಯಾಲ್, ಮೇರಿ ಸ್ಟೆಫೆಲ್, ನಿಕೊಲಸ್ ಎಪ್ಲಿ ಈ ಮೂವರು 2018ರಲ್ಲಿ 25 ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ಪ್ರಕಟಿಸಿದರು. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಿದವರ ಊಹೆ ಅದರಿಂದ ಸುಧಾರಿಸಲಿಲ್ಲ, ತಾವು ಸರಿ ಎಂಬ ನಂಬಿಕೆ ಮಾತ್ರ ಕೆಲವೊಮ್ಮೆ ಬಲವಾಯಿತು. ಸುಧಾರಿಸಿದ್ದು ಬಾಯಿಬಿಟ್ಟು ಕೇಳಿದಾಗ.

ಕೇಳುವುದಕ್ಕೂ ಒಂದು ರೀತಿಯಿದೆ. ಸ್ಟೇಟ್‌ಮೆಂಟ್ ಕೈಯಲ್ಲಿ ಹಿಡಿದು ಇದನ್ನು ಯಾಕೆ ತಗೊಂಡೆ ಅಂದರೆ ಅದು ವಿಚಾರಣೆ. ಉತ್ತರವಾಗಿ ನೆಪ ಬರುತ್ತದೆ, ಮುಂದಿನ ತಿಂಗಳು ಅದೇ ಖರ್ಚು ನಗದಿನಲ್ಲಿ ಆಗುತ್ತದೆ. ಆ ಡ್ರೆಸ್ಸು ಹಾಕಿದರೆ ಆಟದಲ್ಲಿ ಏನಾಗುತ್ತದೋ ತೋರಿಸು ಮಾರಾಯ ಅಂದು ನೋಡಿ. ಹತ್ತು ನಿಮಿಷ ಮೊಬೈಲ್ ಹಿಡಿದು ಪಕ್ಕದಲ್ಲಿ ಕೂರುತ್ತಾನೆ. ನಿಮಗೆ ಅದು ದಂಡದ ಖರ್ಚು ಅಂತಲೇ ಅನ್ನಿಸಬಹುದು, ಅನ್ನಿಸಲಿ. ಯಾವುದು ಅವನಿಗೆ ಬೆಲೆಯುಳ್ಳದ್ದು ಅನ್ನುವುದಾದರೂ ಗೊತ್ತಾಗುತ್ತದೆ. ಒಂದು ಸಂಗತಿ ಮಾತ್ರ ಖಚಿತ ಮಾಡಿಕೊಳ್ಳಿ: ಅದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟವೇ, ಅಲ್ಲವೇ. ಅಂಥ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿದೆ. ಗೊಂಬೆಗೆ ಅಂಗಿ ಕೊಳ್ಳುವುದು ಆ ಪಟ್ಟಿಗೆ ಬರುವುದಿಲ್ಲ.

ಯಾರ ಊಹೆ ಹೆಚ್ಚು ಸರಿ ಬರುತ್ತದೆ ಅನ್ನುವುದಕ್ಕೆ ಉಡುಗೊರೆಯ ಲೆಕ್ಕವೊಂದು ಸಿಗುತ್ತದೆ. ಉಡುಗೊರೆ ಅಂದರೆ ಇನ್ನೊಬ್ಬರ ಪರವಾಗಿ ಮಾಡಿದ ಖರ್ಚು ತಾನೇ? ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗೆಲ್ 1993ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಮ್ಮ ವಿದ್ಯಾರ್ಥಿಗಳಿಗೆ, ಕ್ರಿಸ್‌ಮಸ್ಸಿಗೆ ಬಂದ ಉಡುಗೊರೆಗಳಿಗೆ ಅಕ್ಕರೆಯ ಬೆಲೆ ಬಿಟ್ಟು ನೀವು ಎಷ್ಟು ಕೊಡುತ್ತಿದ್ದಿರಿ ಎಂದು ಕೇಳಿದರು. ಕೊಟ್ಟವರು ತೆತ್ತ ಬೆಲೆಯಲ್ಲಿ ಹತ್ತನೇ ಒಂದರಿಂದ ಮೂರನೇ ಒಂದು ಭಾಗದವರೆಗೆ ಸೋರಿಹೋಗಿತ್ತು. ಗೆಳೆಯರ ಉಡುಗೊರೆಯಲ್ಲಿ ಸೋರಿಕೆ ತೀರ ಕಡಿಮೆ. ಅಜ್ಜ ಅಜ್ಜಿ, ಮಾವ ಅತ್ತೆಯಂದಿರದ್ದರಲ್ಲಿ ಅತಿ ಹೆಚ್ಚು. ತಂದೆ ತಾಯಿ ನಡುವೆ ಎಲ್ಲೋ. ಈ ಲೆಕ್ಕವನ್ನು ಒಪ್ಪದವರೂ ಇದ್ದಾರೆ, ಅಕ್ಕರೆಯನ್ನು ಬಿಟ್ಟು ಉಡುಗೊರೆಗೆ ಬೆಲೆ ಕಟ್ಟುವುದು ನನಗೂ ಪೂರ್ತಿ ಹಿಡಿಸಿಲ್ಲ. ಆದರೆ ಅಜ್ಜಿಯರು ಬಟ್ಟೆ ತರುವ ಬದಲು ನೋಟು ಕೈಗಿಡುವುದು ಆ ಅಧ್ಯಯನದಲ್ಲೂ ಕಂಡಿತು. ನಮ್ಮ ಅಜ್ಜಿಯರು ಅರ್ಥಶಾಸ್ತ್ರ ಓದದೆಯೇ ಇದನ್ನು ಮಾಡುತ್ತಿದ್ದಾರೆ.

ಅಜ್ಜಿಯ ದುಡ್ಡು ಅಂದ ಮೇಲೆ ಇನ್ನೊಂದು ಮಾತು. ಮನೆಯಿಂದ ಬರುವ ತಿಂಗಳ ದುಡ್ಡಿನಲ್ಲಿ ಮುಷ್ಟಿ ಬಿಗಿ ಹಿಡಿಯುವ ಹುಡುಗನೇ ಅಜ್ಜಿ ಕೊಟ್ಟ ಐನೂರನ್ನು ಸಂಜೆಯೊಳಗೆ ಮುಗಿಸುತ್ತಾನೆ. ದುಡ್ಡು ಎಲ್ಲಿಂದ ಬಂತು ಅನ್ನುವುದರ ಮೇಲೆ ಮನಸ್ಸಿನಲ್ಲಿ ಬೇರೆ ಬೇರೆ ಡಬ್ಬಿ ಇರುತ್ತವೆ. ಆಯ್ಕೆ ಹೇಗೆ ಎದುರಿಗೆ ಬಂತು ಅನ್ನುವುದೂ ಅಷ್ಟೇ ಮುಖ್ಯ. ಇದಕ್ಕೆ ಮಕ್ಕಳ ಮೇಲೆಯೇ ನಡೆದ ಚಂದದ ಪ್ರಯೋಗವೊಂದಿದೆ. ಡೇನಿಯಲ್ ರೀಡ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ 1995ರಲ್ಲಿ ಪ್ರಕಟಿಸಿದ್ದು. ಅಮೆರಿಕದಲ್ಲಿ ಹ್ಯಾಲೋವೀನ್ ಹಬ್ಬದ ರಾತ್ರಿ ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರಲ್ಲ, ಅವರ ಎದುರಿಗೆ ಎರಡು ಬಗೆಯ ಚಾಕೊಲೇಟ್ ಇಟ್ಟರು. ಒಂದೇ ಮನೆಯಲ್ಲಿ ಎರಡು ತಗೊಳ್ಳಿ ಅಂದಾಗ ಪ್ರತಿ ಮಗುವೂ ಎರಡು ಬಗೆಯಿಂದ ಒಂದೊಂದು ಎತ್ತಿಕೊಂಡಿತು. ಅಕ್ಕಪಕ್ಕದ ಎರಡು ಮನೆಗಳಲ್ಲಿ ಒಂದೊಂದು ತಗೊಳ್ಳಿ ಅಂದಾಗ ಬೇರೆ ಬೇರೆ ಬಗೆ ಎತ್ತಿಕೊಂಡವರು ಅರ್ಧಕ್ಕಿಂತ ತುಸು ಕಡಿಮೆ. ಚಾಕೊಲೇಟ್ ಅವೇ, ಕೊನೆಗೆ ಸೇರುವ ಚೀಲವೂ ಒಂದೇ. ನಾಳೆ ಏನು ಕೊಳ್ಳುತ್ತೀ ಅಂತ ಮಗುವನ್ನೇ ಕೇಳಿದರೂ ಸರಿಯಾದ ಉತ್ತರ ಸಿಗಲಿಕ್ಕಿಲ್ಲ. ಇಂಥದ್ದರಲ್ಲಿ ತಾಯಿ ನೂರಕ್ಕೆ ನೂರು ಹೇಳಬೇಕು ಅನ್ನುವುದು ಅತಿಯಾಸೆ.

ಈಗ ಮತ್ತೆ ನೀವು ಕಳಿಸಿದ ಪುಟಕ್ಕೆ ಬರುತ್ತೇನೆ. ಅದರ ಮೇಲ್ತುದಿಯ ಅಂಕಿಯನ್ನು ನೀವು ಗಮನಿಸಿದಂತಿಲ್ಲ. ನಿಮ್ಮ 5,000 ಜಮೆಯಾಗುವ ಮುಂಚೆಯೇ ಖಾತೆಯಲ್ಲಿ 2,140 ಇತ್ತು. ತಿಂಗಳ ಕೊನೆಗೆ 412 ಉಳಿದಿದೆ. ಅಂದರೆ ಈ ತಿಂಗಳು ಅವನು ಖರ್ಚು ಮಾಡಿದ್ದು 6,728. ಶೂ, ಡ್ರೆಸ್ಸು, ಊಟದ ಪಾಲು ಸೇರಿ 3,809, ಉಳಿದ 2,919 ಬಸ್ಸು, ಮೆಟ್ರೊ, ರೀಚಾರ್ಜು, ಟೀ, ಜೆರಾಕ್ಸು ಇತ್ಯಾದಿ. ಒಂದೇ ಪುಟದಿಂದ ಆಣೆ ಮಾಡಿ ಹೇಳಲಾರೆ, ಯಾರೋ ಮಾವ ಕಳಿಸಿದ ದುಡ್ಡೂ ಇರಬಹುದು. ಆದರೆ ನನಗೆ ಕಾಣುವುದು ಇಷ್ಟು: ಹಿಂದಿನ ತಿಂಗಳುಗಳಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ, ಸಾಲ ಮಾಡದೆ, ಮನೆಯಲ್ಲಿ ಹೆಚ್ಚು ಕೇಳದೆ ಶೂ ಕೊಂಡಿದ್ದಾನೆ.

ಹಾಗಿದ್ದರೆ ನಿಮ್ಮ ಊಹೆಯಲ್ಲಿ ಒಂದು ಭಾಗ ಸರಿಯೇ ಇದೆ. ಅವನದು ಬಿಗಿ ಕೈ ಅಂದಿರಿ, ಕೈ ಬಿಗಿಯೇ ಇದೆ. ಯಾವುದಕ್ಕಾಗಿ ಬಿಗಿ ಹಿಡಿದ ಅನ್ನುವುದರಲ್ಲಿ ತಪ್ಪಿದಿರಿ. ನನ್ನ ಬಳಿ ಬರುವ ಹೆಚ್ಚಿನ ಮನೆಗಳ ಕಥೆ ಹೀಗೇ ಇರುತ್ತದೆ. ಮಗು ದುಡ್ಡನ್ನು ಎಷ್ಟು ಬೇಗ ಕರಗಿಸುತ್ತದೆ, ಕೇಳಿ ತಗೊಳ್ಳುತ್ತದೋ ಕೇಳದೆಯೋ, ಸಾಲಕ್ಕೆ ಹೆದರುತ್ತದೋ ಇಲ್ಲವೋ, ಇಷ್ಟನ್ನು ಹೆತ್ತವರು ಚೆನ್ನಾಗಿಯೇ ಹೇಳುತ್ತಾರೆ. ಅದೆಲ್ಲ ವರ್ಷಗಟ್ಟಲೆ ಮನೆಯೊಳಗೇ ಕಂಡ ಸ್ವಭಾವ. ಏನನ್ನು ಕೊಳ್ಳುತ್ತದೆ ಅನ್ನುವುದು ಗೆಳೆಯರ ಗುಂಪಿನಲ್ಲಿ ತೀರ್ಮಾನವಾಗುತ್ತದೆ, ಆ ಗುಂಪಿಗೆ ಅಮ್ಮನಿಗೆ ಪ್ರವೇಶವಿಲ್ಲ.

ನಿಮಗೆ ನಿಮ್ಮ ಊಹೆಯ ಸತ್ವ ಎಷ್ಟೆಂದು ನೋಡುವ ಕುತೂಹಲವಿದ್ದರೆ ಮಾರಿಕಾಂಬಾ ಜಾತ್ರೆಗಿಂತ ಒಳ್ಳೆಯ ಜಾಗ ಸಿಗದು. ಎರಡು ವರ್ಷಕ್ಕೊಮ್ಮೆ ಬರುತ್ತದೆ, ಬಳೆ, ಬೆಂಡು ಬತ್ತಾಸು, ತೊಟ್ಟಿಲು, ಆಟಿಕೆ ಎಲ್ಲ ಒಂದೇ ಕಡೆ ಇರುತ್ತದೆ. ಅದೂ ದೂರವಾದರೆ ಯಾವುದಾದರೂ ವಾರದ ಸಂತೆ ಸಾಕು. ಮಗಳ ಕೈಗೆ 300 ರೂಪಾಯಿ ಕೊಡಿ, ಉಳಿದರೆ ಅವಳದೇ ಅನ್ನಿ, ಲೆಕ್ಕ ಕೇಳುವುದಿಲ್ಲ ಅನ್ನಿ, ಗೆಳತಿಯರ ಜೊತೆ ಬಿಡಿ. ಅವಳು ಹೊರಡುವ ಮುಂಚೆ ನಿಮ್ಮ ಊಹೆಯನ್ನು ಚೀಟಿಯಲ್ಲಿ ಬರೆದಿಡಿ: ಏನೇನು, ಎಷ್ಟೆಷ್ಟು, ಉಳಿಕೆ ಎಷ್ಟು. ಅವಳ ವಯಸ್ಸು ಮಾತ್ರ ಗೊತ್ತಿರುವ ಯಾರಾದರೂ ಒಬ್ಬರಿಂದಲೂ ಒಂದು ಚೀಟಿ ಬರೆಸಿ. ವಾಪಸ್ ಬಂದ ಮೇಲೆ ಎರಡೂ ಚೀಟಿಯನ್ನು ಅವಳೇ ತಿದ್ದಲಿ. ಬರೆದಿಡದೆ ಈ ಆಟ ಆಡಬೇಡಿ. ಆದ ಮೇಲೆ ಎಲ್ಲರಿಗೂ ನಾನು ಮೊದಲೇ ಅಂದುಕೊಂಡಿದ್ದೆ ಅನ್ನಿಸುತ್ತದೆ.

ಅವಳಿಗೆ ಸ್ವಂತ ಉಳಿತಾಯ ಖಾತೆ ತೆರೆಯುವ ವಯಸ್ಸೂ ಆಗಿದೆ. ಹತ್ತು ದಾಟಿದ ಮಕ್ಕಳು ಬ್ಯಾಂಕು ಹಾಕುವ ಮಿತಿಯೊಳಗೆ ತಾವೇ ಖಾತೆ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. ಯುಪಿಐ ಸರ್ಕಲ್ ಎಂಬ ಸೌಲಭ್ಯವೂ 2024ರಿಂದ ಇದೆ. ನಿಮ್ಮ ಖಾತೆಯಿಂದಲೇ ಅವಳು ಪಾವತಿ ಮಾಡುವಂತೆ ಮಾಡಬಹುದು. ಒಂದು ಬಗೆಯಲ್ಲಿ ಪ್ರತಿ ಪಾವತಿಗೂ ನಿಮ್ಮ ಒಪ್ಪಿಗೆ ಬೇಕು, ಇನ್ನೊಂದರಲ್ಲಿ ತಿಂಗಳಿಗೆ ಗರಿಷ್ಠ 15,000 ರೂಪಾಯಿಯ ಒಳಗೆ ನೀವು ಮಿತಿ ಹಾಕಿ ಬಿಡಬಹುದು. ಸುರಕ್ಷತೆಗೆ ಮೊದಲನೆಯದು ಸರಿ. ಆದರೆ ಅದರಲ್ಲಿ ನಿಮಗೆ ಕಾಣುವುದು ಅಮ್ಮ ಒಪ್ಪುವಂಥ ಖರ್ಚು ಮಾತ್ರ. ಅದನ್ನು ನೋಡಿ ಇವಳ ಬಗ್ಗೆ ನನಗೆಲ್ಲ ಗೊತ್ತು ಅಂದುಕೊಂಡರೆ, ಅವಳೂ ಪಿಜಿ ಸೇರಿದ ಮೇಲೆ ನನಗೆ ಇನ್ನೊಂದು ಪತ್ರ ಬರುತ್ತದೆ.

ಮಗನಿಗೆ ಹದಿನೆಂಟು ದಾಟಿದೆ, ಖಾತೆ ಅವನದು. ತಾನಾಗಿ ತೋರಿಸಿದರೆ ನೋಡಿ, ತಿಂಗಳು ತಿಂಗಳು ಪ್ರಿಂಟ್ ತರಿಸಬೇಡಿ.

ದುಡ್ಡು ಕಡಿಮೆ ಮಾಡುವ ವಿಷಯಕ್ಕೆ ನನ್ನ ಉತ್ತರ ಬೇಡ ಎಂದೇ. ಶೂ ಪ್ರತಿ ತಿಂಗಳು ಬರುವ ಖರ್ಚಲ್ಲ, ಅದನ್ನು ತೆಗೆದರೆ ಈ ತಿಂಗಳ ಖರ್ಚು 4,028, ನೀವು ಹಾಕುವುದಕ್ಕಿಂತ ಒಂಬೈನೂರ ಚಿಲ್ಲರೆ ಕಡಿಮೆ. ಕಡಿತ ಮಾಡಿದರೆ ಮೊದಲು ನಿಲ್ಲುವುದು ಆಟದ ಡ್ರೆಸ್ಸಲ್ಲ, ತಿಂಗಳ ಕೊನೆಗೆ ಉಳಿಸುವ ಆ ಐನೂರೋ ಸಾವಿರವೋ. ಉಳಿಸಿದ್ದನ್ನೇ ನೆಪ ಮಾಡಿ ಕೊಡುವುದನ್ನು ಇಳಿಸಿದರು ಅಂತ ಅವನಿಗೆ ಒಮ್ಮೆ ಅನ್ನಿಸಿದರೆ ಮುಂದೆ ಖಾತೆಯಲ್ಲಿ ಏನೂ ಉಳಿಸುವುದಿಲ್ಲ. ಈ ಸೆಮಿಸ್ಟರ್ ಮುಗಿಯುವವರೆಗೆ 5,000ವನ್ನೇ ಹಾಕಿ, ಪ್ರತಿ ತಿಂಗಳೂ ಒಂದೇ ತಾರೀಖಿಗೆ ಹಾಕಿ. ಪರೀಕ್ಷೆ ಫೀಸು, ಪ್ರಾಜೆಕ್ಟ್ ಖರ್ಚು ಇಂಥವು ಇದರಲ್ಲೇ ಸೇರಿದೆಯೇ ಅಥವಾ ಬೇರೆ ಕೇಳಬಹುದೇ ಅನ್ನುವುದನ್ನು ಮಾತ್ರ ಈಗಲೇ ಅವನೊಡನೆ ಮಾತಾಡಿ ಬಗೆಹರಿಸಿಕೊಳ್ಳಿ.